ಶಾಲಾ ಪತ್ರಿಕೆಗೆ ಪೆಪ್ ರ‍್ಯಾಲಿಯ ವರದಿ ಬರೆಯುವ ಬಗೆ

ಅಮೆರಿಕದ ಹೈಸ್ಕೂಲುಗಳಲ್ಲಿ ಹೋಮ್‌ಕಮಿಂಗ್ (ಹಳೆಯ ವಿದ್ಯಾರ್ಥಿಗಳನ್ನು ಶಾಲೆಗೆ ಮರಳಿ ಸ್ವಾಗತಿಸುವ ವಾರ್ಷಿಕ ಉತ್ಸವ) ಫುಟ್‌ಬಾಲ್ ಪಂದ್ಯಕ್ಕೆ ಮುನ್ನ ತಂಡವನ್ನು ಹುರಿದುಂಬಿಸಲು ವಿದ್ಯಾರ್ಥಿಗಳೆಲ್ಲ ಸೇರಿ ನಡೆಸುವ ಪೆಪ್ ರ‍್ಯಾಲಿಯನ್ನು ವರದಿ ಮಾಡುವ ಹೊಣೆ ಅಲ್ಲಿ ಓದುತ್ತಿರುವ ಕನ್ನಡದ ಮಕ್ಕಳಿಗೂ ಬರುವುದುಂಟು. ಇದನ್ನು ಹಗುರವಾದ ಕೆಲಸವೆಂದು ದಯವಿಟ್ಟು ತಿಳಿಯಬೇಡಿ.

ರ‍್ಯಾಲಿಯ ದಿನ ಮಾತ್ರ ಹೋದರೆ ಕಿವಿಗೆ ಬೀಳುವುದು ಗದ್ದಲವಷ್ಟೇ. ಆದ್ದರಿಂದ ಒಂದೆರಡು ದಿನ ಮೊದಲೇ ಚಿಯರ್‌ಲೀಡಿಂಗ್ ತಂಡದ ಅಭ್ಯಾಸಕ್ಕೆ ಹೋಗಿ, ಒಬ್ಬರ ಮೇಲೊಬ್ಬರು ನಿಂತು ಕಟ್ಟುವ ಪಿರಮಿಡ್ಡಿನ ಕೆಳಸಾಲಿನಲ್ಲಿ ನಿಂತು ಹೆಗಲು ಕೊಡುವ ವಿದ್ಯಾರ್ಥಿನಿಯನ್ನು ಮಾತನಾಡಿಸಿರಿ. ಹೇಗನಿಸುತ್ತಿದೆ ಎಂದು ಕೇಳಿದರೆ ‘ತುಂಬಾ ಖುಷಿ’ ಎಂಬುದರಾಚೆ ಏನೂ ದೊರೆಯದು. ಮೇಲಿದ್ದವಳು ಜಾರಿದಾಗ ಹಿಡಿಯುವವರು ಯಾರು, ಎಲ್ಲಿ ಹಿಡಿಯುತ್ತಾರೆ, ಸಮವಸ್ತ್ರದ ಖರ್ಚನ್ನು ಮನೆಯವರು ಭರಿಸುತ್ತಾರೆಯೇ ಎಂದು ಕೇಳಿದರೆ ಸುದ್ದಿ ತಾನಾಗಿ ಬಿಚ್ಚಿಕೊಳ್ಳುತ್ತದೆ. ಹೆಸರುಗಳನ್ನು ಅವರ ಕೈಯಿಂದಲೇ ಬರೆಸಿಕೊಳ್ಳಿರಿ.

ನೀವೇ ಆ ತಂಡದಲ್ಲಿದ್ದರೆ ವರದಿಯನ್ನು ಬೇರೆಯವರಿಗೆ ಬಿಟ್ಟುಕೊಡುವುದು ಉಚಿತ.

ರ‍್ಯಾಲಿಯಲ್ಲಿ ನುಡಿಸುವ ಶಾಲಾ ಬ್ಯಾಂಡಿನ ಹಣಕಾಸು, ಚಿಯರ್‌ಲೀಡರ್‌ಗಳ ಗಾಯಗಳು ಮುಂತಾದ ಸೂಕ್ಷ್ಮ ವಿಷಯಗಳಿಗೆ ಕೈಹಾಕುವಾಗ ಕಾನೂನಿನ ಅರಿವೂ ಬೇಕು. ಮಿಸೌರಿಯ ಶಾಲೆಯೊಂದರ ಪತ್ರಿಕೆಯಿಂದ ಪ್ರಾಂಶುಪಾಲರು ಎರಡು ಪುಟಗಳನ್ನು ತೆಗೆದುಹಾಕಿದ್ದನ್ನು ಅಮೆರಿಕದ ಸುಪ್ರೀಂ ಕೋರ್ಟ್ 1988ರ ಹೇಜಲ್‌ವುಡ್ ಪ್ರಕರಣದಲ್ಲಿ ಎತ್ತಿಹಿಡಿಯಿತು. ವಿದ್ಯಾರ್ಥಿಗಳ ದನಿಯನ್ನು ಕುಗ್ಗಿಸಿದ ತೀರ್ಪು ಅದೆಂಬುದೇ ನನ್ನ ಭಾವನೆ. ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳು ತಮ್ಮದೇ ಕಾನೂನಿನ ಮೂಲಕ ವಿದ್ಯಾರ್ಥಿ ಸಂಪಾದಕರಿಗೆ ಹೆಚ್ಚಿನ ರಕ್ಷಣೆ ನೀಡಿವೆ. ಆದುದರಿಂದ ನಿಮ್ಮ ರಾಜ್ಯದ ನಿಯಮವನ್ನು ಮೊದಲೇ ತಿಳಿದುಕೊಂಡು, ಟಿಪ್ಪಣಿಗಳನ್ನೂ ರಸೀದಿಗಳ ಪ್ರತಿಗಳನ್ನೂ ಕೈಯಲ್ಲಿಟ್ಟುಕೊಂಡು, ಅಚ್ಚಿಗೆ ಕಳುಹಿಸುವ ಮುನ್ನವೇ ಸಲಹೆಗಾರ ಶಿಕ್ಷಕರೊಡನೆ ಕುಳಿತು ಪ್ರತಿ ವಾಕ್ಯವನ್ನೂ ಪರಿಶೀಲಿಸಿರಿ.