ಜಿರಳೆಗೆ ನಾನೇ ಇಳಿದೆ, ಗೆದ್ದಲಿಗೆ ಜನರನ್ನು ಕರೆಸಿದೆ

ಒಂದು ರಾತ್ರಿ ನೀರು ಕುಡಿಯಲು ಎದ್ದು ಅಡುಗೆಮನೆಯ ಲೈಟ್ ಹಾಕಿದೆ. ಒಲೆಯ ಪಕ್ಕದಿಂದ ನಾಲ್ಕೈದು ಸಣ್ಣ ಜಿರಳೆಗಳು ಸರ್ರನೆ ಓಡಿ ಕಟ್ಟೆಯ ಬಿರುಕಿಗೆ ಸೇರಿಕೊಂಡವು. ಮರುದಿನವೇ ಸ್ಪ್ರೇ ಡಬ್ಬಿ ತಂದು ಕಂಡ ಕಂಡಲ್ಲಿ ಹೊಡೆದೆ. ಎರಡು ದಿನ ಒಂದೂ ಕಾಣಲಿಲ್ಲ. ನಾಲ್ಕನೇ ದಿನ ಪಕ್ಕದ ರೂಮಿನ ಪುಸ್ತಕದ ಕಪಾಟಿನಲ್ಲಿ ಕಂಡವು. ಸ್ಪ್ರೇಯ ವಾಸನೆಗೆ ಹೆದರಿ ಜಾಗ ಬದಲಿಸಿದ್ದವು, ಅಷ್ಟೇ.

ಆಮೇಲೆ ನಾನು ಮಾಡಿದ ಮೊದಲ ಸರಿಯಾದ ಕೆಲಸ ಎಂದರೆ, ಸತ್ತ ಒಂದನ್ನು ಬಿಳಿ ಕಾಗದದ ಮೇಲಿಟ್ಟು ಟಾರ್ಚ್ ಹಾಕಿ ನೋಡಿದ್ದು. ತಿಳಿ ಕಂದು ಬಣ್ಣ, ತಲೆಯ ಹಿಂದೆ ಉದ್ದಕ್ಕೆ ಎರಡು ಕಪ್ಪು ಗೆರೆ. ಇದಕ್ಕೆ ಜರ್ಮನ್ ಜಿರಳೆ ಅಂತಾರೆ. ಮೋರಿಯಿಂದ ಆಗೊಮ್ಮೆ ಈಗೊಮ್ಮೆ ಹತ್ತಿ ಬರುವ ದೊಡ್ಡ ಕೆಂಪು ಜಿರಳೆಯೇ ಬೇರೆ, ಇದೇ ಬೇರೆ. ಇದು ಮನೆಯೊಳಗೇ ಹುಟ್ಟಿ ಮನೆಯೊಳಗೇ ಬೆಳೆಯುತ್ತದೆ. ಹೆಣ್ಣು ಒಂದೊಂದು ಸಲಕ್ಕೆ 30ರಿಂದ 40 ಮೊಟ್ಟೆಗಳ ಚೀಲವನ್ನು, ಮರಿ ಹೊರಬರುವ ಹೊತ್ತಿನವರೆಗೂ ಹೊಟ್ಟೆಯ ಹಿಂತುದಿಗೆ ಅಂಟಿಸಿಕೊಂಡೇ ಓಡಾಡುತ್ತದೆ. ಬೆಚ್ಚಗಿನ ಮನೆಯಲ್ಲಿ ಆ ಮರಿಗಳು ಎರಡು ಮೂರು ತಿಂಗಳಲ್ಲಿ ತಾವೇ ಮೊಟ್ಟೆ ಇಡುವಷ್ಟು ಬೆಳೆಯುತ್ತವೆ. ಹೀಗಿರುವಾಗ ಕಣ್ಣಿಗೆ ಕಂಡ ಐದನ್ನು ಕೊಂದು ಏನು ಪ್ರಯೋಜನ, ಅಲ್ವಾ?

ಹಾಗಾಗಿ ಅಂಟುಬಲೆ ತಂದೆ. ಇದು ಜಿರಳೆ ಕೊಲ್ಲಲು ಅಲ್ಲ, ಎಣಿಸಲು. ಆರು ಜಾಗದಲ್ಲಿ, ಗೋಡೆಯ ಅಂಚಿಗೆ ತಾಗಿಸಿ ಇಟ್ಟೆ. ಪ್ರತಿಯೊಂದರ ಮೇಲೂ ಜಾಗ ಮತ್ತು ತಾರೀಖು ಬರೆದೆ. ಮೂರು ರಾತ್ರಿ ಬಿಟ್ಟು ನೋಡಿದರೆ ಫ್ರಿಜ್ ಹಿಂದೆ 23, ಸಿಂಕ್ ಕೆಳಗೆ 9, ಉಳಿದ ಕಡೆ ಒಂದು ಎರಡು. ಫ್ರಿಜ್ ಹಿಂದಿನವು ಹೆಚ್ಚಾಗಿ ಮರಿಗಳು. ಮರಿಗಳು ದೂರ ಹೋಗುವುದಿಲ್ಲ. ಅಂದರೆ ಗೂಡು ಅಲ್ಲೇ, ಮೋಟಾರಿನ ಬಿಸಿಯ ಹತ್ತಿರ. ಅದು ಗೊತ್ತಾದ ಕ್ಷಣವೇ ಇದನ್ನು ನಾನೇ ಮಾಡಬಹುದು ಎಂದು ತೀರ್ಮಾನಿಸಿದೆ. ಗೂಡು ಗೊತ್ತು, ಅಲ್ಲಿಗೆ ನನ್ನ ಕೈ ಹೋಗುತ್ತದೆ, ಬೇಕಾದ ಮದ್ದು ಸಾಮಾನ್ಯ ಜನರಿಗೂ ಸಿಗುತ್ತದೆ. ಈ ಮೂರು ಇದ್ದರೆ ನಾನು ಯಾರನ್ನೂ ಕರೆಯುವುದಿಲ್ಲ.

ಮದ್ದು ಎಂದರೆ ಜೆಲ್. ಸಿರಿಂಜಿನಲ್ಲಿ ಬರುತ್ತದೆ. ದೊಡ್ಡ ಮುದ್ದೆ ಇಡಬಾರದು, ಬೆಂಕಿಕಡ್ಡಿಯ ತಲೆಯಷ್ಟು ಚುಕ್ಕೆಗಳನ್ನು ಬಿರುಕು, ಮೂಲೆ, ಕೀಲುಗಳ ಒಳಗೆ ತುಂಬಾ ಕಡೆ ಇಡಬೇಕು. ನಾನು ಮೊದಲ ಸಲ ಸ್ಪ್ರೇ ಹೊಡೆದಿದ್ದ ಜಾಗದಲ್ಲೇ ಜೆಲ್ ಇಟ್ಟುಬಿಟ್ಟೆ. ಒಂದು ಚುಕ್ಕೆಯನ್ನೂ ಅವು ಮುಟ್ಟಲಿಲ್ಲ. ಸ್ಪ್ರೇ ಅವನ್ನು ದೂರ ಓಡಿಸುತ್ತದೆ, ಜೆಲ್ ಹತ್ತಿರ ಕರೆಯಬೇಕು. ಎರಡೂ ಒಂದೇ ಜಾಗದಲ್ಲಿ ನಡೆಯುವುದಿಲ್ಲ. ಎಲ್ಲವನ್ನೂ ಸೋಪಿನ ನೀರಲ್ಲಿ ಒರೆಸಿ, ಒಂದು ವಾರ ಬಿಟ್ಟು, ಹೊಸ ಜಾಗಗಳಲ್ಲಿ ಇಟ್ಟೆ. ಒಲೆಯ ಹಿಂದಿನ ಜಿಡ್ಡು ತೆಗೆದೆ. ಸಿಂಕಿನ ಪೈಪ್ ತೊಟ್ಟಿಕ್ಕುತ್ತಿತ್ತು, ಅದನ್ನು ಸರಿ ಮಾಡಿದೆ. ತಿನ್ನಲು ಬೇರೆ ಏನೂ ಸಿಗದಿದ್ದರೆ ತಾನೇ ಅವು ಜೆಲ್ ತಿನ್ನೋದು.

ಜೆಲ್ ತಿಂದ ಜಿರಳೆ ತಕ್ಷಣ ಸಾಯುವುದಿಲ್ಲ, ಗೂಡಿಗೆ ಹೋಗಿ ಸಾಯುತ್ತದೆ. ಅದರ ಹಿಕ್ಕೆಯನ್ನೂ ಹೆಣವನ್ನೂ ಉಳಿದವು ತಿನ್ನುತ್ತವೆ. ಹೊರಗೇ ಬಾರದ ಮರಿಗಳಿಗೂ ವಿಷ ತಲುಪುವುದು ಹೀಗೆ. ಎರಡು ವಾರಕ್ಕೆ ಫ್ರಿಜ್ ಹಿಂದಿನ ಲೆಕ್ಕ 23ರಿಂದ 6ಕ್ಕೆ ಇಳಿಯಿತು. ಹೊಸ ಮೊಟ್ಟೆಗಳು ಒಡೆಯುತ್ತವೆ ಎಂದು ಗೊತ್ತಿದ್ದರಿಂದ ತಿಂಗಳಿಗೆ ಇನ್ನೊಂದು ಸುತ್ತು ಇಟ್ಟೆ. ಮೂರನೇ ತಿಂಗಳಿಗೆ ಸೊನ್ನೆ. ನಿಮ್ಮಲ್ಲಿ ಜೆಲ್ ಮುಟ್ಟದೇ ಹೋದರೆ ಅದೇ ಜೆಲ್ ಜಾಸ್ತಿ ಹಾಕಬೇಡಿ, ಬೇರೆ ಆಮಿಷವಿರುವ ಇನ್ನೊಂದನ್ನು ತನ್ನಿ, ಆ ಜೆಲ್‌ನ ಸಿಹಿಯೇ ಅವಕ್ಕೆ ಹಿಡಿಸದೇ ಇರಬಹುದು. ಗ್ಲೂಕೋಸ್ ಸಿಹಿಯನ್ನೇ ದೂರ ಇಡುವ ಜರ್ಮನ್ ಜಿರಳೆಗಳ ಬಗ್ಗೆ 1993ರಲ್ಲೇ ಸಂಶೋಧನೆ ಪ್ರಕಟವಾಗಿದೆ.

ಇಲಿಯನ್ನೂ ನಾನೇ ನೋಡಿಕೊಂಡೆ. ಪೆನ್ಸಿಲ್ ತೂರುವಷ್ಟು ಸಂದಿ ಇದ್ದರೆ ಚಿಟ್ಟಿಲಿಗೆ ಸಾಕು. ಅಂಥವನ್ನೆಲ್ಲ ಹುಡುಕಿ ಸ್ಟೀಲ್ ವುಲ್ ತುರುಕಿ ಮೇಲೆ ಸೀಲಂಟ್ ಹಚ್ಚಿದೆ, ಒಳಗಿದ್ದವನ್ನು ಬೋನಿಟ್ಟು ಹಿಡಿದೆ. ವಿಷ ಇಡಲಿಲ್ಲ. ಇಲಿ ಪಾಷಾಣಗಳಲ್ಲಿ ಹೆಚ್ಚಿನವು ಕೊಲ್ಲಲು ಕೆಲವು ದಿನ ತೆಗೆದುಕೊಳ್ಳುತ್ತವೆ. ಅಷ್ಟರಲ್ಲಿ ಇಲಿ ಎಲ್ಲೋ ಗೋಡೆಯೊಳಗೆ ಹೋಗಿ ಸತ್ತರೆ ವಾಸನೆಯ ಜೊತೆ ವಾರಗಟ್ಟಲೆ ಬದುಕಬೇಕು.

ಇಷ್ಟಾದ ಮೇಲೆ ನನಗೆ ಧೈರ್ಯ ಜಾಸ್ತಿಯೇ ಬಂದಿತ್ತು. ಮೊದಲ ಮಳೆ ಬಿದ್ದ ಮರುದಿನ ಕಿಟಕಿಯ ಕೆಳಗೆ ಉದುರಿದ ರೆಕ್ಕೆಗಳ ರಾಶಿ ಕಂಡಿತು. ನಾಲ್ಕೂ ರೆಕ್ಕೆ ಒಂದೇ ಉದ್ದ, ಆದ್ದರಿಂದ ರೆಕ್ಕೆ ಇರುವೆ ಅಲ್ಲ, ಗೆದ್ದಲು. ಬಾಗಿಲ ಚೌಕಟ್ಟನ್ನು ತಟ್ಟಿದರೆ ಟೊಳ್ಳು ಸದ್ದು. ನೆಲದಿಂದ ಪೆನ್ಸಿಲ್ ದಪ್ಪದ ಮಣ್ಣಿನ ಕೊಳವೆ ಮೇಲೆ ಹತ್ತಿತ್ತು. ನಾನು ಅದನ್ನು ಕೆರೆದು, ಮರಕ್ಕೆ ಸಣ್ಣ ತೂತು ಕೊರೆದು, ಸಿರಿಂಜಿನಲ್ಲಿ ಗೆದ್ದಲು ಮದ್ದು ತುಂಬಿಸಿದೆ. ಆ ಚೌಕಟ್ಟಿನಲ್ಲಿ ನಿಂತಿತು. ಆರು ವಾರ ಬಿಟ್ಟು ಗೋಡೆಯ ಕಪಾಟಿನ ಹಿಂಭಾಗದಲ್ಲಿ, ಮೂರಡಿ ದೂರ, ಹೊಸ ಕೊಳವೆ. ಒಳಗಿದ್ದ ಹಳೆಯ ಫೋಟೋ ಆಲ್ಬಂಗಳಲ್ಲಿ ಎರಡು ಹೋಗಿಬಿಟ್ಟಿದ್ದವು. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಮರದೊಳಗಿನ ಗೆದ್ದಲು ಬರೀ ಕೆಲಸಗಾರರು. ರಾಣಿ, ಗೂಡು ಎಲ್ಲ ನೆಲದಡಿಯ ಮಣ್ಣಿನಲ್ಲಿ. ಗೂಡು ಎಲ್ಲಿದೆಯೋ ನನಗೆ ಕಾಣುವುದಿಲ್ಲ, ಅಲ್ಲಿಗೆ ನನ್ನ ಕೈಯೂ ಹೋಗುವುದಿಲ್ಲ. ಇಡೀ ಗೋಡೆಯುದ್ದಕ್ಕೂ ಮಣ್ಣಿಗೆ ಮದ್ದು ಇಳಿಯಬೇಕು. ಅದಕ್ಕೆ ನೆಲ ಕೊರೆಯುವ ಯಂತ್ರ, ಒತ್ತಡದಿಂದ ತುಂಬುವ ಪಂಪ್, ಅಳತೆ ಗೊತ್ತಿರುವ ಜನ ಬೇಕು. ಹಾಗಾಗಿ ಕೀಟ ನಿಯಂತ್ರಣದವರನ್ನು ಕರೆಸಿದೆ.

ಮೊದಲು ಬಂದವರು ಬಾಗಿಲಲ್ಲೇ ನಿಂತು ಸ್ಪ್ರೇ ಪಂಪ್ ಜೋಡಿಸಲು ಶುರು ಮಾಡಿದರು. ಯಾವ ಮದ್ದು ಎಂದು ಕೇಳಿದರೆ "ಒಳ್ಳೇದು ಸಾರ್" ಅಂದರು. ಬೇಡ ಎಂದು ಕಳಿಸಿದೆ. ಎರಡನೆಯವರು ಟಾರ್ಚ್ ಮತ್ತು ಸ್ಕ್ರೂಡ್ರೈವರ್ ಹಿಡಿದು ಮುಕ್ಕಾಲು ಗಂಟೆ ಬರೀ ನೋಡಿದರು. ಬಚ್ಚಲಿನ ಹಿಂದಿನ ಗೋಡೆ ತೇವವಾಗಿತ್ತು, ಒಳಗೆ ಪೈಪ್ ಸೋರುತ್ತಿದೆ ಎಂದು ತೋರಿಸಿದ್ದೇ ಅವರು. ಅದು ಸರಿಯಾಗುವ ತನಕ ಮದ್ದು ಹಾಕುವುದಿಲ್ಲ ಎಂದರು. ಆಗಲೇ ನನಗೆ ನಂಬಿಕೆ ಬಂತು.

ಆಮೇಲೆ ಗೋಡೆ ನೆಲ ಸೇರುವಲ್ಲಿ ಸುಮಾರು ಅಡಿಗೊಂದು ತೂತು ಕೊರೆದು ಇಮಿಡಾಕ್ಲೋಪ್ರಿಡ್ ಎಂಬ ಗೆದ್ದಲು ಮದ್ದು ತುಂಬಿ ಮುಚ್ಚಿದರು. ಡಬ್ಬಿಯ ಮೇಲಿನ ಲೇಬಲ್ ನನಗೆ ಓದಿಸಿದರು. ಈ ಮದ್ದು ಗೆದ್ದಲಿಗೆ ಗೊತ್ತಾಗುವುದಿಲ್ಲ, ಹಾಗಾಗಿ ಅದು ದಾರಿ ಬದಲಿಸದೆ ಅದರಲ್ಲೇ ಓಡಾಡಿ ಮೈಗಂಟಿಸಿಕೊಂಡು ಉಳಿದವಕ್ಕೂ ಹಂಚುತ್ತದೆ.

ತಿಗಣೆ ನನ್ನ ಮನೆಗೆ ಬಂದಿಲ್ಲ, ನೆಂಟರ ಮನೆಗೆ ಬಂದಿತ್ತು. ಅವರು ಹೊಗೆ ಡಬ್ಬಿ ಹಚ್ಚಿದರು. ಹೊಗೆ ಮಂಚದ ಕೀಲಿನೊಳಗೆ ಇಳಿಯಲಿಲ್ಲ, ತಿಗಣೆ ಮಾತ್ರ ಇನ್ನೊಂದು ರೂಮಿಗೂ ಹರಡಿತು. ಊಟವಿಲ್ಲದೆ ತಿಂಗಳುಗಟ್ಟಲೆ ಬದುಕುವ, ಎಷ್ಟೋ ಸ್ಪ್ರೇಗಳಿಗೆ ಜಗ್ಗದ ಹುಳು ಅದು. ಒಂದು ಕಂಡರೂ ನಾನು ಬಟ್ಟೆ, ಹೊದಿಕೆಗಳನ್ನು ಬಿಸಿ ನೀರಲ್ಲಿ ಒಗೆದು ಬಿಸಿ ಡ್ರೈಯರಿಗೆ ಹಾಕಿ, ಉಳಿದದ್ದಕ್ಕೆ ಅದೇ ದಿನ ಕರೆಸುತ್ತೇನೆ.

ಒಂದು ವಿಷಯದಲ್ಲಿ ಮಾತ್ರ ನಾನು ತುಂಬಾ ಕಟ್ಟುನಿಟ್ಟು. ಧಾನ್ಯದ ಗೋದಾಮಿಗೆ ಬಳಸುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ಮನೆಯೊಳಗೆ ಬರಲೇಬಾರದು, ಯಾರೇ ಕೊಟ್ಟರೂ ಸರಿ. ತೇವಕ್ಕೆ ಅದು ಫಾಸ್ಫೀನ್ ಅನಿಲ ಬಿಡುತ್ತದೆ. ಮಲಗಿದ್ದ ಮಕ್ಕಳು ಪಕ್ಕದ ರೂಮಿನಲ್ಲಿಟ್ಟ ಮಾತ್ರೆಯಿಂದ ಸತ್ತಿದ್ದಾರೆ. ಲೇಬಲ್ ಇಲ್ಲದ ಬಾಟಲಿಯೂ ಬೇಡ. ಮನೆಯಲ್ಲಿ ಬೆಕ್ಕಿದ್ದರೆ ಲೇಬಲ್‌ನಲ್ಲಿ ಪರ್ಮೆಥ್ರಿನ್ ಎಂಬ ಕೀಟನಾಶಕ ಇದೆಯಾ ಎಂದು ಓದಿ ನೋಡಿ, ಬೆಕ್ಕಿಗೆ ಅದು ವಿಷ. ಮೀನಿನ ತೊಟ್ಟಿಗೂ ಅಪಾಯ.

ಗೆದ್ದಲಿನವರು ಮಾತು ಕೊಟ್ಟ ಹಾಗೆ ಆರು ತಿಂಗಳಿಗೆ ಮತ್ತೆ ಬಂದು ತಟ್ಟಿ ನೋಡಿ ಹೋದರು. ಹೊಸ ಕೊಳವೆ ಇರಲಿಲ್ಲ. ಫ್ರಿಜ್ ಹಿಂದೆ ಈಗಲೂ ಒಂದು ಅಂಟುಬಲೆ ಇದೆ, ತಿಂಗಳ ಮೊದಲ ದಿನ ನೋಡುತ್ತೇನೆ. ಹೋದ ತಿಂಗಳು ಒಂದು ಮರಿ ಸಿಕ್ಕಿತ್ತು. ಅಂದೇ ರಾತ್ರಿ ಹತ್ತು ಚುಕ್ಕೆ ಜೆಲ್ ಇಟ್ಟೆ.