ಲ್ಯಾಪ್‌ಟಾಪಿನ ಕುಬರ್ನೆಟೀಸ್ ಕ್ಲಸ್ಟರ್ ಏಳದಿದ್ದಾಗ ಎಲ್ಲಿ ನೋಡಬೇಕು: ನನ್ನ ಅನುಭವ

ಕಂಟೇನರ್‌ಗಳನ್ನು (ಪ್ರೋಗ್ರಾಮ್‌ಗಳನ್ನು ಪ್ರತ್ಯೇಕವಾಗಿ ಓಡಿಸುವ ಪೆಟ್ಟಿಗೆಗಳು) ಹಲವು ಯಂತ್ರಗಳ ಮೇಲೆ ಓಡಿಸಿ ನೋಡಿಕೊಳ್ಳುವ ವ್ಯವಸ್ಥೆ ಕುಬರ್ನೆಟೀಸ್. ಆ ಯಂತ್ರಗಳ ಗುಂಪು ಕ್ಲಸ್ಟರ್, ಒಂದೊಂದು ಯಂತ್ರವೂ ಒಂದು ನೋಡ್. ಲ್ಯಾಪ್‌ಟಾಪಿನಲ್ಲಿ ಕ್ಲಸ್ಟರ್ ಏಳದಿದ್ದರೆ ಬಹಳ ಜನ ಮೊದಲು ಮಾಡುವ ಕೆಲಸ ಡಿಲೀಟ್. ಅಳಿಸಿ ಮತ್ತೆ ಮಾಡುತ್ತಾರೆ. ಆಗಲೂ ಏಳದಿದ್ದರೆ ಕಂಟೇನರ್ ಓಡಿಸುವ ಡಾಕರ್ ರೀಸ್ಟಾರ್ಟ್, ಅದಕ್ಕೂ ಬಗ್ಗದಿದ್ದರೆ ಇಡೀ ಯಂತ್ರ ರೀಸ್ಟಾರ್ಟ್. ಕೆಲವೊಮ್ಮೆ ಇಷ್ಟಕ್ಕೇ ಸರಿಹೋಗಿಬಿಡುತ್ತದೆ. ನನ್ನ ಪ್ರಕಾರ ಅದೇ ದೊಡ್ಡ ತೊಂದರೆ. ಯಾಕೆ ಕೆಟ್ಟಿತ್ತು ಅಂತ ಗೊತ್ತಾಗುವುದಿಲ್ಲ, ಸ್ವಲ್ಪ ದಿನ ಬಿಟ್ಟು ಮತ್ತೆ ಕೆಡುತ್ತದೆ, ಅದೂ ಡೆಮೊ ಇರುವ ದಿನವೇ. ಕೆಟ್ಟದ್ದನ್ನು ಕೆಟ್ಟ ಹಾಗೆಯೇ ಉಳಿಸಿಕೊಂಡು ಒಳಗೆ ಇಳಿದು ನೋಡಬೇಕು ಅನ್ನುವುದು ನನ್ನ ಪಟ್ಟು.

ನಾನು ದಿನಾ ಬಳಸುವುದು ಕೈಂಡ್, ಲ್ಯಾಪ್‌ಟಾಪಿನಲ್ಲೇ ಕ್ಲಸ್ಟರ್ ಕಟ್ಟಿಕೊಡುವ ಟೂಲ್. ಇದರಲ್ಲಿ ಪ್ರತಿ ನೋಡ್ ಕೂಡ ಒಂದು ಡಾಕರ್ ಕಂಟೇನರ್. ಆ ಕಂಟೇನರ್ ಒಳಗೆ ಮೊದಲು ಏಳುವುದು ಉಳಿದ ಸೇವೆಗಳನ್ನು ಶುರು ಮಾಡುವ ಸಿಸ್ಟಮ್‌ಡಿ. ಅದು ಕಂಟೇನರ್‌ಗಳನ್ನು ಓಡಿಸುವ ಕಂಟೇನರ್‌ಡಿಯನ್ನೂ ನೋಡ್‌ನ ಉಸ್ತುವಾರಿ ನೋಡುವ ಕ್ಯೂಬ್ಲೆಟ್ಟನ್ನೂ ಎಬ್ಬಿಸುತ್ತದೆ. ಕ್ಯೂಬ್ಲೆಟ್ ತನ್ನ ಮ್ಯಾನಿಫೆಸ್ಟ್ ಫೋಲ್ಡರಿನಲ್ಲಿರುವ ಫೈಲುಗಳನ್ನು ಓದಿ ಎಟ್‌ಸಿಡಿ (ಕ್ಲಸ್ಟರಿನ ಡೇಟಾಬೇಸ್), ಎಪಿಐ ಸರ್ವರ್ (ಆದೇಶಗಳೆಲ್ಲ ಬರುವ ಬಾಗಿಲು), ಶೆಡ್ಯೂಲರ್, ಕಂಟ್ರೋಲರ್ ಮ್ಯಾನೇಜರ್ ನಾಲ್ಕನ್ನೂ ಶುರು ಮಾಡುತ್ತದೆ. ಎಪಿಐ ಸರ್ವರ್ ಎದ್ದ ಮೇಲೆಯೇ ನಾವು ಆದೇಶ ಕೊಡಲು ಬಳಸುವ ಕಮಾಂಡ್ ಕ್ಯೂಬ್‌ಸಿಟಿಎಲ್‌ಗೆ ಉತ್ತರ ಸಿಗುವುದು. ಈ ಸಾಲು ತಲೆಯಲ್ಲಿದ್ದರೆ ಅರ್ಧ ಕೆಲಸ ಆದಂತೆ. ಕ್ಯೂಬ್‌ಸಿಟಿಎಲ್ ‘ಕನೆಕ್ಷನ್ ರಿಫ್ಯೂಸ್ಡ್’ ಅಂದರೆ ಸಾಲಿನ ಕೊನೆಯವರು ಬಂದಿಲ್ಲ ಅಂತ ಅಷ್ಟೇ ಅರ್ಥ. ಯಾರು ಎಲ್ಲಿ ನಿಂತುಬಿಟ್ಟರು ಅನ್ನುವುದು ಅದಕ್ಕೆ ಗೊತ್ತಿರುವುದಿಲ್ಲ.

ನನಗೆ ಇದನ್ನೆಲ್ಲ ಸರಿಯಾಗಿ ಕಲಿಸಿದ್ದು ಒಂದು ಉಬುಂಟು ಲ್ಯಾಪ್‌ಟಾಪ್. ಪಾಡ್‌ಗಳು (ಒಟ್ಟಿಗೆ ಓಡುವ ಕಂಟೇನರ್‌ಗಳ ಘಟಕ) ಬೇರೆ ಬೇರೆ ನೋಡ್‌ಗೆ ಹಂಚಿಕೆಯಾಗುತ್ತವಾ ಅಂತ ಪರೀಕ್ಷೆ ಮಾಡಬೇಕಿತ್ತು. ಅದಕ್ಕೆ ಒಂದು ಕಂಟ್ರೋಲ್ ಪ್ಲೇನ್ (ಮೇಲೆ ಹೇಳಿದ ನಾಲ್ಕೂ ಓಡುವ ನೋಡ್), ಮೂರು ವರ್ಕರ್ (ನಮ್ಮ ಪಾಡ್‌ಗಳು ಓಡುವ ನೋಡ್) ಇರುವ ಹೊಸ ಕ್ಲಸ್ಟರ್ ಬೇಕಾಯಿತು. ಹಳೆಯ ಕ್ಲಸ್ಟರ್ ಒಂದು ಆಗಲೇ ಓಡುತ್ತಿತ್ತು, ಅದರ ಪ್ರತಿ ನೋಡ್‌ನಲ್ಲೂ ಲಾಗ್ ಕಲೆಕ್ಟರ್ ಕೂತಿತ್ತು. ಹೊಸದನ್ನು ಮಾಡಲು ಹೊರಟರೆ ನೋಡ್ ಸಿದ್ಧಪಡಿಸುವ ಹಂತದಲ್ಲೇ ಕೈಂಡ್ ನಿಂತುಹೋಯಿತು. ಅದು ಕೊಟ್ಟ ಎರರ್‌ನ ಅರ್ಥ ಇಷ್ಟು: ‘ರೀಚ್ಡ್ ಟಾರ್ಗೆಟ್ ಮಲ್ಟಿ-ಯೂಸರ್ ಸಿಸ್ಟಮ್’ ಅನ್ನುವ ಸಾಲು ಲಾಗ್‌ನಲ್ಲಿ ಸಿಗಲಿಲ್ಲ.

ಈ ಎರರ್ ನೋಡಿ ಸುಮಾರು ಜನ ದಾರಿ ತಪ್ಪುತ್ತಾರೆ. ಇದು ಕಾರಣ ಅಲ್ಲ. ನೋಡ್ ಒಳಗಿನ ಸಿಸ್ಟಮ್‌ಡಿ ಪೂರ್ತಿ ಎದ್ದಿತು ಅನ್ನುವುದಕ್ಕೆ ಕೈಂಡ್ ಆ ಸಾಲನ್ನು ಗುರುತಾಗಿ ಇಟ್ಟುಕೊಂಡಿದೆ. ಸಾಲು ಬರಲಿಲ್ಲ ಅಂದರೆ ಸಿಸ್ಟಮ್‌ಡಿ ಏಳಲಿಲ್ಲ. ಯಾಕೆ ಏಳಲಿಲ್ಲ ಅನ್ನುವುದನ್ನು ಆ ನೋಡ್‌ನ ಬಾಯಿಂದಲೇ ಕೇಳಬೇಕು. ಆದರೆ ಕೈಂಡ್ ಸೋತ ಕೂಡಲೇ ತಾನು ಮಾಡಿದ ನೋಡ್‌ಗಳನ್ನೆಲ್ಲ ತಾನೇ ಅಳಿಸಿಬಿಡುತ್ತದೆ. ಕೇಳೋಣ ಅಂದರೆ ಅಲ್ಲಿ ಯಾರೂ ಇರುವುದಿಲ್ಲ. ಅದಕ್ಕೇ ಕ್ಲಸ್ಟರ್ ಮಾಡುವ ಕಮಾಂಡಿಗೆ ‘ರಿಟೇನ್’ ಅನ್ನುವ ಫ್ಲ್ಯಾಗ್ ಹಾಕಬೇಕು. ಆಗ ಸೋತರೂ ಕಂಟೇನರ್‌ಗಳು ಉಳಿಯುತ್ತವೆ. ‘ಕೈಂಡ್ ಎಕ್ಸ್‌ಪೋರ್ಟ್ ಲಾಗ್ಸ್’ ಅಂದರೆ ಎಲ್ಲ ನೋಡ್‌ಗಳ ಲಾಗ್ ಒಂದು ಫೋಲ್ಡರಿಗೆ ಬಂದು ಬೀಳುತ್ತದೆ. ಬೇರೆಯವರ ಹತ್ತಿರ ಸಹಾಯ ಕೇಳುವಾಗ ಸ್ಕ್ರೀನ್‌ಶಾಟ್ ಬದಲು ಆ ಫೋಲ್ಡರ್ ಕಳಿಸಿ. ಕೇಳಿಸಿಕೊಳ್ಳುವವರಿಗೂ ಅದೇ ಅನುಕೂಲ.

ರಿಟೇನ್ ಹಾಕಿ ಮತ್ತೆ ಮಾಡಿದೆ. ‘ಡಾಕರ್ ಪಿಎಸ್’ಗೆ ನಿಂತ ಕಂಟೇನರ್‌ಗಳನ್ನೂ ತೋರಿಸು ಅಂತ ಹೇಳಿದಾಗ ಕಂಟ್ರೋಲ್ ಪ್ಲೇನ್ ಮತ್ತು ಒಂದು ವರ್ಕರ್ ಓಡುತ್ತಿದ್ದವು, ಮಿಕ್ಕ ವರ್ಕರ್‌ಗಳು ಎಕ್ಸಿಟ್ ಆಗಿದ್ದವು. ಎಕ್ಸಿಟ್ ಆದದ್ದರ ಡಾಕರ್ ಲಾಗ್ ತೆಗೆದರೆ ಕೊನೆಯಲ್ಲಿ ಕಾರಣ ಬರೆದೇ ಇತ್ತು. ಕಂಟ್ರೋಲ್ ಗ್ರೂಪ್‌ಗೆ (ಸಿಗ್ರೂಪ್, ಪ್ರೋಸೆಸ್‌ಗಳಿಗೆ ಸಂಪನ್ಮೂಲ ಹಂಚುವ ಕರ್ನೆಲ್ ವ್ಯವಸ್ಥೆ) ಬೇಕಾದ ಐನೋಟಿಫೈ ಆಬ್ಜೆಕ್ಟ್ ಮಾಡಲು ಆಗಲಿಲ್ಲ, ‘ಟೂ ಮೆನಿ ಓಪನ್ ಫೈಲ್ಸ್’. ಅದರ ಕೆಳಗೆ ಮ್ಯಾನೇಜರ್ ಆಬ್ಜೆಕ್ಟ್ ಕೂಡ ಆಗಲಿಲ್ಲ ಅಂತ ಒಂದು ಸಾಲು. ಆಮೇಲೆ ಪಿಐಡಿ 1, ಅಂದರೆ ಸಿಸ್ಟಮ್‌ಡಿ, ನಿಂತುಹೋಯಿತು. ಇಷ್ಟು ಸ್ಪಷ್ಟವಾಗಿ ಬರೆದದ್ದು ಅಲ್ಲಿತ್ತು, ಕೈಂಡ್‌ನ ಎರರ್‌ನಲ್ಲಿ ಅದರ ಸುಳಿವೇ ಇರಲಿಲ್ಲ.

ಲಾಗ್ ನೋಡಿದ ಸಹೋದ್ಯೋಗಿಯೊಬ್ಬರು, “ಫೈಲ್ ಲಿಮಿಟ್ ಅಲ್ವಾ ಇದು? ಯುಲಿಮಿಟ್ ಜಾಸ್ತಿ ಮಾಡಿ, ಸರಿಹೋಗುತ್ತೆ” ಅಂದರು. ಮೆಸೇಜ್ ಓದಿದರೆ ಯಾರಿಗಾದರೂ ಹಾಗೇ ಅನ್ನಿಸುತ್ತದೆ. ಆದರೆ ಯುಲಿಮಿಟ್ (ಒಂದು ಪ್ರೋಸೆಸ್‌ನ ಫೈಲ್ ಮಿತಿ) ಎಷ್ಟು ಏರಿಸಿದರೂ ಇಲ್ಲಿ ಏನೂ ಬದಲಾಗುವುದಿಲ್ಲ. ಲಿನಕ್ಸ್‌ನಲ್ಲಿ ಈ ಎರರ್ ನಂಬರಿಗೆ ಎರಡು ಕಾರಣಗಳಿವೆ. ಒಂದು ಪ್ರೋಸೆಸ್ ತೆರೆಯಬಹುದಾದ ಫೈಲುಗಳ ಮಿತಿ ಮುಗಿದರೂ ಇದೇ ಬರುತ್ತದೆ. ಒಬ್ಬ ಯೂಸರ್ ಇಟ್ಟುಕೊಳ್ಳಬಹುದಾದ ಐನೋಟಿಫೈ ಇನ್‌ಸ್ಟೆನ್ಸ್‌ಗಳ ಮಿತಿ ಮುಗಿದರೂ ಇದೇ ಬರುತ್ತದೆ. ಫೈಲ್ ಅಥವಾ ಫೋಲ್ಡರ್ ಬದಲಾದರೆ ತಿಳಿಸು ಅಂತ ಪ್ರೋಗ್ರಾಮ್‌ಗಳು ಕರ್ನೆಲ್ಲಿಗೆ ಹೇಳಿಡುವ ವ್ಯವಸ್ಥೆ ಐನೋಟಿಫೈ. ಒಬ್ಬ ಯೂಸರ್‌ಗೆ ಸಾಮಾನ್ಯವಾಗಿ ಸಿಗುವುದು 128 ಇನ್‌ಸ್ಟೆನ್ಸ್. ಇಂದಿನ ಯಂತ್ರಗಳಿಗೆ ಇದು ಬಹಳ ಕಡಿಮೆ.

ನೋಡ್‌ಗಳು ಬೇರೆ ಬೇರೆ ಕಂಟೇನರ್ ಅಲ್ವಾ, ಪ್ರತಿಯೊಂದಕ್ಕೂ 128 ಸಿಗಬೇಕಲ್ಲ ಅಂತ ಕೇಳಬಹುದು. ಇಲ್ಲ. ಈ ಲೆಕ್ಕ ಯೂಸರ್ ಐಡಿ ಮೇಲೆ. ಮಾಮೂಲಿ ಡಾಕರ್‌ನಲ್ಲಿ ಕಂಟೇನರ್ ಒಳಗಿನ ರೂಟ್ ಮತ್ತು ಲ್ಯಾಪ್‌ಟಾಪಿನ ರೂಟ್ ಕರ್ನೆಲ್ಲಿನ ಕಣ್ಣಿಗೆ ಒಬ್ಬನೇ. ಅಪಾರ್ಟ್‌ಮೆಂಟಿನಲ್ಲಿ ಎಲ್ಲ ಮನೆಗೂ ಬೇರೆ ಬೇರೆ ನಲ್ಲಿ ಇದ್ದರೂ ಮೇಲಿನ ಟ್ಯಾಂಕ್ ಒಂದೇ ಇದ್ದ ಹಾಗೆ. ಪ್ರತಿ ನೋಡ್‌ನ ಸಿಸ್ಟಮ್‌ಡಿ, ಕಂಟೇನರ್‌ಡಿ, ಕ್ಯೂಬ್ಲೆಟ್, ಲಾಗ್ ಕಲೆಕ್ಟರ್ ಎಲ್ಲವೂ ಅದೇ ಟ್ಯಾಂಕಿನಿಂದ ತೆಗೆದುಕೊಳ್ಳುತ್ತವೆ. ಕ್ಯೂಬ್ಲೆಟ್ ಒಂದೇ ಹಲವು ಇನ್‌ಸ್ಟೆನ್ಸ್ ಹಿಡಿದಿರುತ್ತದೆ. ಕೋಡ್ ಎಡಿಟರ್ ಕೂಡ ಐನೋಟಿಫೈಯನ್ನು ಚೆನ್ನಾಗಿಯೇ ಬಳಸುತ್ತದೆ, ಹಾಗಾಗಿ ಅದರ ಮೇಲೂ ಅನುಮಾನ ಬರುತ್ತದೆ. ಆದರೆ ಅದು ಓಡುವುದು ನಿಮ್ಮ ಯೂಸರ್ ಹೆಸರಿನಲ್ಲಿ, ರೂಟ್ ಹೆಸರಿನಲ್ಲಿ ಅಲ್ಲ. ಎಡಿಟರ್ ಮುಚ್ಚಿದರೂ ನೋಡ್ ಏಳುವುದಿಲ್ಲ.

ಊಹೆ ಮೇಲೆ ಬಿಡುವುದು ಬೇಡ, ಇದನ್ನು ಎಣಿಸಬಹುದು. ‘ಪ್ರಾಕ್’ ಒಳಗೆ ಪ್ರತಿ ಪ್ರೋಸೆಸ್‌ಗೂ ‘ಎಫ್‌ಡಿ’ ಅನ್ನುವ ಫೋಲ್ಡರ್ ಇರುತ್ತದೆ. ಅಲ್ಲಿರುವ ಲಿಂಕ್‌ಗಳಲ್ಲಿ ಯಾವುದರ ಗುರಿ ಐನೋಟಿಫೈ ಅಂತ ಇದೆಯೋ ಅದು ಒಂದು ಇನ್‌ಸ್ಟೆನ್ಸ್. ರೂಟ್ ಆಗಿ ‘ಫೈಂಡ್’ ಕಮಾಂಡಿನಿಂದ ಹುಡುಕಿ ಯೂಸರ್ ಪ್ರಕಾರ ಎಣಿಸಿದರೆ ಯಾರು ಎಷ್ಟು ಹಿಡಿದಿದ್ದಾರೆ ಅಂತ ಗೊತ್ತಾಗುತ್ತದೆ. ನನ್ನ ಯಂತ್ರದಲ್ಲಿ ರೂಟ್ ಹೆಸರಿನಲ್ಲಿ ಹತ್ತಿರ ಹತ್ತಿರ 128 ಇತ್ತು. ಜಾಸ್ತಿ ಪಾಲು ಹಳೆಯ ಕ್ಲಸ್ಟರಿನದೇ.

ಪರಿಹಾರ ಚಿಕ್ಕದು. ಕರ್ನೆಲ್ ಸೆಟ್ಟಿಂಗ್ ಬದಲಾಯಿಸುವ ‘ಸಿಸ್‌ಸಿಟಿಎಲ್’ನಲ್ಲಿ ಐನೋಟಿಫೈ ಕೆಳಗಿನ ‘ಮ್ಯಾಕ್ಸ್ ಯೂಸರ್ ಇನ್‌ಸ್ಟೆನ್ಸಸ್’ ಅನ್ನು 512ಕ್ಕೂ ‘ಮ್ಯಾಕ್ಸ್ ಯೂಸರ್ ವಾಚಸ್’ (ಕಣ್ಣಿಡಬಹುದಾದ ಫೈಲ್, ಫೋಲ್ಡರ್‌ಗಳ ಮಿತಿ) ಅನ್ನು 524288ಕ್ಕೂ ಏರಿಸಬೇಕು. ಕೈಂಡ್‌ನವರ ದಾಖಲೆಯಲ್ಲೇ ಈ ಅಂಕಿಗಳಿವೆ. ಟರ್ಮಿನಲ್‌ನಲ್ಲಿ ಹಾಕಿದ್ದು ರೀಸ್ಟಾರ್ಟ್ ಆದರೆ ಹೋಗುತ್ತದೆ. ಆದ್ದರಿಂದ ‘ಇಟಿಸಿ’ ಒಳಗಿನ ಸಿಸ್‌ಸಿಟಿಎಲ್ ಫೋಲ್ಡರಿನಲ್ಲಿ ಒಂದು ಫೈಲ್ ಮಾಡಿ ಎರಡು ಸಾಲು ಬರೆದಿಡಿ. ಮ್ಯಾಕ್‌ನಲ್ಲಿ ಡಾಕರ್ ಓಡುವುದು ಒಂದು ಲಿನಕ್ಸ್ ವಿಎಂ (ವರ್ಚುವಲ್ ಮೆಷಿನ್) ಒಳಗೆ, ಹಾಗಾಗಿ ಬದಲಾಯಿಸಬೇಕಾದದ್ದು ಆ ವಿಎಂನ ಮಿತಿಯನ್ನು. ಏರಿಸಿದ ಮೇಲೆ ಹಳೆಯದನ್ನು ನಿಲ್ಲಿಸದೆಯೇ ಹೊಸ ಕ್ಲಸ್ಟರ್ ನಾಲ್ಕೂ ನೋಡ್ ಸಮೇತ ಎದ್ದಿತು.

ಇದೇ ಕಾಯಿಲೆ ಬೇರೆ ವೇಷದಲ್ಲೂ ಬರುತ್ತದೆ. 128 ಯಾವ ಹೊತ್ತಿಗೆ ಮುಗಿಯಿತು ಅನ್ನುವುದರ ಮೇಲೆ ಲಕ್ಷಣ ಬದಲಾಗುತ್ತದೆ. ಸಿಸ್ಟಮ್‌ಡಿಗೆ ಸಿಕ್ಕಿ ಕ್ಯೂಬ್ಲೆಟ್‌ಗೆ ಸಿಗದಿದ್ದರೆ 10248 ಪೋರ್ಟಿನ ಹೆಲ್ತ್ ಚೆಕ್‌ಗೆ ಉತ್ತರ ಬರುತ್ತಿಲ್ಲ ಅಂತ ಎರರ್ ಬರುತ್ತದೆ. ಆಗ ‘ಡಾಕರ್ ಎಕ್ಸೆಕ್’ ಮೂಲಕ ನೋಡ್ ಒಳಗೆ ಹೋಗಿ ಜರ್ನಲ್‌ಸಿಟಿಎಲ್‌ನಲ್ಲಿ ಕ್ಯೂಬ್ಲೆಟ್ ಲಾಗ್ ಓದಿದರೆ ‘ಸಿಅಡ್ವೈಸರ್’ (ಕ್ಯೂಬ್ಲೆಟ್ ಒಳಗೆ ಸಂಪನ್ಮೂಲ ಬಳಕೆ ಅಳೆಯುವ ಭಾಗ) ಶುರುವಾಗಲಿಲ್ಲ, ಐನೋಟಿಫೈ ಸಿಗಲಿಲ್ಲ ಅಂತ ಇರುತ್ತದೆ. ಮೂರನೆಯ ವೇಷ ಎಲ್ಲಕ್ಕಿಂತ ಕೆಟ್ಟದ್ದು. ಕ್ಲಸ್ಟರ್ ಎದ್ದಿರುತ್ತದೆ, ನೋಡ್‌ಗಳೆಲ್ಲ ‘ರೆಡಿ’ ಅನ್ನುತ್ತವೆ, ಆದರೆ ಒಂದು ನೋಡ್‌ನಲ್ಲಿ ಮಾತ್ರ ಸರ್ವಿಸ್ ವಿಳಾಸಗಳಿಗೆ ದಾರಿ ಮಾಡುವ ಕ್ಯೂಬ್ ಪ್ರಾಕ್ಸಿ ಬಿದ್ದು ಏಳುತ್ತಿರುತ್ತದೆ. ಆ ನೋಡ್‌ನ ಪಾಡ್‌ಗಳಿಗೆ ಸರ್ವಿಸ್ ವಿಳಾಸಗಳು ಸಿಗುವುದಿಲ್ಲ. ಜನ ಡಿಎನ್‌ಎಸ್ ಮೇಲೆ ಅನುಮಾನ ಪಟ್ಟು ಕೋರ್‌ಡಿಎನ್‌ಎಸ್ ಲಾಗ್ ಜಾಲಾಡುತ್ತಾರೆ. ಕ್ಯೂಬ್ ಪ್ರಾಕ್ಸಿಯ ಲಾಗ್ ನೋಡಿದರೆ ಅಲ್ಲೂ ಅದೇ ‘ಟೂ ಮೆನಿ ಓಪನ್ ಫೈಲ್ಸ್’.

ವಾಚ್‌ಗಳ ಮಿತಿ ಮುಗಿದರೆ ಕರ್ನೆಲ್ ಕೊಡುವ ಎರರ್ ಇನ್ನೂ ವಿಚಿತ್ರ: ‘ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್’. ಡಿಸ್ಕ್‌ನಲ್ಲಿ ಬೇಕಾದಷ್ಟು ಜಾಗ ಇರುತ್ತದೆ. ಹಳೆಯ ಕರ್ನೆಲ್‌ಗಳಲ್ಲಿ ಈ ಮಿತಿ 8192 ಇತ್ತು. 5.11ರಿಂದ ಮೆಮೊರಿಗೆ ತಕ್ಕಂತೆ ತಾನೇ ಏರುವುದರಿಂದ ಈಗ ಇದು ಅಷ್ಟಾಗಿ ಕಾಡುವುದಿಲ್ಲ.

ಇನ್ನೊಂದು ಸಲ ಒಂದು ಮ್ಯಾಕ್‌ನಲ್ಲಿ ಕ್ಯೂಬ್ಲೆಟ್ ತನಕ ಎಲ್ಲ ಸರಿ ಇತ್ತು, ಎಪಿಐ ಸರ್ವರ್ ಮಾತ್ರ ಎದ್ದು ಮತ್ತೆ ಮತ್ತೆ ಬೀಳುತ್ತಿತ್ತು. ಇಂಥ ಹೊತ್ತಿನಲ್ಲಿ ಕ್ಯೂಬ್‌ಸಿಟಿಎಲ್ ಪ್ರಯೋಜನಕ್ಕೆ ಬರುವುದಿಲ್ಲ, ಅದು ಮಾತಾಡುವುದೇ ಎಪಿಐ ಸರ್ವರ್ ಜೊತೆ. ನೋಡ್ ಒಳಗೆ ಕ್ರೈಸಿಟಿಎಲ್ ಇರುತ್ತದೆ, ಅದು ನೇರವಾಗಿ ಕಂಟೇನರ್‌ಡಿಯನ್ನು ಕೇಳುತ್ತದೆ. ಸತ್ತ ಕಂಟೇನರ್‌ಗಳೂ ಕಾಣುವ ಹಾಗೆ ಪಟ್ಟಿ ತೆಗೆದು ‘ಅಟೆಂಪ್ಟ್’ ಕಾಲಂ ನೋಡಿ. ಯಾವುದು ಪದೇ ಪದೇ ಏಳುತ್ತಿದೆಯೋ ಅದರ ಲಾಗ್ ಓದಿ. ಎಪಿಐ ಸರ್ವರ್ ಲಾಗ್‌ನಲ್ಲಿ 2379 ಪೋರ್ಟ್ ಸಿಗುತ್ತಿಲ್ಲ ಅಂತ ಇದ್ದರೆ ಅಲ್ಲಿ ನಿಲ್ಲಬೇಡಿ. ಅದು ಎಟ್‌ಸಿಡಿಯ ಪೋರ್ಟ್, ಪೆಟ್ಟು ಬಿದ್ದಿರುವುದು ಅಲ್ಲಿ. ನಾನು ನೋಡಿದ ಮ್ಯಾಕ್‌ನಲ್ಲಿ ಎಪಿಐ ಸರ್ವರಿನ ಎಕ್ಸಿಟ್ ಕೋಡ್ 137 ಇತ್ತು. 128ಕ್ಕೆ 9 ಸೇರಿಸಿದರೆ 137, ಅಂದರೆ ಹೊರಗಿನಿಂದ ಯಾರೋ ಸಿಗ್ನಲ್ 9 ಕೊಟ್ಟು ಕೊಂದಿದ್ದಾರೆ. ಹೆಲ್ತ್ ಚೆಕ್‌ನಲ್ಲಿ ಸೋತರೆ ಕ್ಯೂಬ್ಲೆಟ್ ಕೂಡ ಕೊಲ್ಲಬಹುದು, ಆದ್ದರಿಂದ ಕೋಡ್ ಒಂದನ್ನೇ ನಂಬದೆ ಕರ್ನೆಲ್ ಲಾಗ್ ನೋಡಿದೆ. ‘ಔಟ್ ಆಫ್ ಮೆಮೊರಿ’ ಅಂತ ಇತ್ತು. ಡಾಕರ್‌ನ ವಿಎಂಗೆ ಕೊಟ್ಟಿದ್ದ ಮೆಮೊರಿ ಸಾಲುತ್ತಿರಲಿಲ್ಲ, ಸೆಟ್ಟಿಂಗ್‌ನಲ್ಲಿ ಜಾಸ್ತಿ ಮಾಡಿದ ಮೇಲೆ ಬೀಳದೆ ಓಡಿತು. ಕಂಟ್ರೋಲ್ ಪ್ಲೇನ್‌ಗೆ ಕನಿಷ್ಠ 2 ಸಿಪಿಯು, 1700 ಎಂಬಿ ಮೆಮೊರಿ ಬೇಕು ಅಂತ ಕ್ಲಸ್ಟರ್ ಶುರು ಮಾಡುವ ಟೂಲ್ ಕ್ಯೂಬ್‌ಎಡಿಎಂ ಶುರುವಿನಲ್ಲೇ ಪರೀಕ್ಷಿಸುತ್ತದೆ. ಅದು ಬರೀ ಏಳಲು. ನಿಮ್ಮ ಪಾಡ್‌ಗಳ ಲೆಕ್ಕ ಬೇರೆ.

ಹಳೆಯ ಲಿನಕ್ಸ್ ಇಟ್ಟುಕೊಂಡವರಿಗೆ ಒಂದು ಮಾತು. ಕುಬರ್ನೆಟೀಸ್ 1.35ರಿಂದ ಸಿಗ್ರೂಪ್‌ನ ಮೊದಲ ಆವೃತ್ತಿಯ ಮೇಲೆ ಕ್ಯೂಬ್ಲೆಟ್ ತಾನಾಗಿ ಶುರುವಾಗುವುದಿಲ್ಲ. ಕೈಂಡ್ ಅಪ್‌ಡೇಟ್ ಮಾಡಿದ ಮರುದಿನ ಕ್ಲಸ್ಟರ್ ಏಳದಿದ್ದರೆ ಮೊದಲು ಇದನ್ನು ನೋಡಿ. ‘ಸಿಸ್’ ಒಳಗಿನ ಸಿಗ್ರೂಪ್ ಫೋಲ್ಡರಿನ ಫೈಲ್‌ಸಿಸ್ಟಮ್ ಯಾವುದು ಅಂತ ‘ಸ್ಟ್ಯಾಟ್’ ಕಮಾಂಡಿನಿಂದ ಕೇಳಿದರೆ ‘ಸಿಗ್ರೂಪ್2ಎಫ್‌ಎಸ್’ ಅನ್ನಬೇಕು. ‘ಟೆಂಪ್‌ಎಫ್‌ಎಸ್’ ಅಂದರೆ ಹಳೆಯದು.

ಆಫೀಸ್ ನೆಟ್‌ವರ್ಕ್‌ನಲ್ಲಿ ಬರುವ ತೊಂದರೆಯೂ ಸಾಕಷ್ಟು ಸಮಯ ತಿನ್ನುತ್ತದೆ. ಕ್ಲಸ್ಟರ್ ಏಳುತ್ತದೆ, ನಮ್ಮ ಪಾಡ್‌ಗಳು ಮಾತ್ರ ‘ಇಮೇಜ್ ಪುಲ್ ಬ್ಯಾಕಾಫ್’ನಲ್ಲಿ ಕೂತುಬಿಡುತ್ತವೆ. ಎಟ್‌ಸಿಡಿ, ಎಪಿಐ ಸರ್ವರ್ ಇವುಗಳ ಇಮೇಜ್‌ಗಳನ್ನೆಲ್ಲ (ಕಂಟೇನರ್ ಮಾಡಲು ಬೇಕಾದ ಫೈಲುಗಳ ಕಟ್ಟು) ಕೈಂಡ್ ತನ್ನ ನೋಡ್ ಇಮೇಜ್ ಒಳಗೇ ತುಂಬಿಟ್ಟಿರುತ್ತದೆ, ಅದಕ್ಕೇ ಅವು ನೆಟ್‌ವರ್ಕ್ ಇಲ್ಲದೆಯೂ ಏಳುತ್ತವೆ. ನಮ್ಮ ಇಮೇಜ್ ಹೊರಗಿನಿಂದ ಬರಬೇಕು. ‘ಡಿಸ್ಕ್ರೈಬ್’ ಮಾಡಿದಾಗ ಸರ್ಟಿಫಿಕೇಟ್‌ಗೆ ಸಹಿ ಹಾಕಿದವರು ಗೊತ್ತಿಲ್ಲ ಅಂತ ಬಂದರೆ ಆಫೀಸಿನ ಪ್ರಾಕ್ಸಿ ನಡುವೆ ಕೂತು ತನ್ನ ಸರ್ಟಿಫಿಕೇಟ್ ಕೊಡುತ್ತಿದೆ ಅಂತ ಅರ್ಥ. ಲ್ಯಾಪ್‌ಟಾಪಿನಲ್ಲಿ ಆ ಸರ್ಟಿಫಿಕೇಟನ್ನು ಐಟಿಯವರು ಆಗಲೇ ಹಾಕಿರುತ್ತಾರೆ, ಆದ್ದರಿಂದ ಬ್ರೌಸರ್‌ನಲ್ಲಿ ಏನೂ ಗೊತ್ತಾಗುವುದಿಲ್ಲ. ನೋಡ್ ಒಳಗೆ ಅದು ಇರುವುದಿಲ್ಲ. ಸರ್ಟಿಫಿಕೇಟ್ ಫೈಲನ್ನು ಪ್ರತಿ ನೋಡ್‌ಗೂ ಕಾಪಿ ಮಾಡಿ, ಒಳಗಿನ ಪಟ್ಟಿ ಅಪ್‌ಡೇಟ್ ಮಾಡಿ, ಕಂಟೇನರ್‌ಡಿ ರೀಸ್ಟಾರ್ಟ್ ಮಾಡಿದರೆ ಪುಲ್ ಆಗುತ್ತದೆ.

ಅಷ್ಟೆಲ್ಲ ಬೇಡ ಅನ್ನಿಸಿದರೆ ಇಮೇಜನ್ನು ಲ್ಯಾಪ್‌ಟಾಪಿಗೆ ಎಳೆದುಕೊಂಡು ‘ಕೈಂಡ್ ಲೋಡ್’ನಿಂದ ನೋಡ್ ಒಳಗೆ ತಳ್ಳಬಹುದು. ನಾನು ಜಾಸ್ತಿ ಮಾಡುವುದು ಹೀಗೆಯೇ. ಆಗ ಇಮೇಜಿನ ಟ್ಯಾಗ್ (ಆವೃತ್ತಿಯ ಹೆಸರು) ‘ಲೇಟೆಸ್ಟ್’ ಇರಬಾರದು. ಲೇಟೆಸ್ಟ್ ಇದ್ದರೆ ಪುಲ್ ಪಾಲಿಸಿ ತಾನಾಗಿ ‘ಆಲ್ವೇಸ್’ ಆಗುತ್ತದೆ. ಇಮೇಜ್ ಪಕ್ಕದಲ್ಲೇ ಇದ್ದರೂ ಕ್ಯೂಬ್ಲೆಟ್ ಮತ್ತೆ ರಿಜಿಸ್ಟ್ರಿಗೆ (ಇಮೇಜ್‌ಗಳ ಹೊರಗಿನ ಉಗ್ರಾಣ) ಹೋಗಿ ಅದೇ ಸರ್ಟಿಫಿಕೇಟ್ ಎರರ್ ತರುತ್ತದೆ. ಬೇರೆ ಯಾವುದಾದರೂ ಟ್ಯಾಗ್ ಕೊಡಿ, ಇಲ್ಲವೇ ಪಾಲಿಸಿಯನ್ನು ‘ಇಫ್ ನಾಟ್ ಪ್ರೆಸೆಂಟ್’ ಅಂತ ನೀವೇ ಬರೆಯಿರಿ.