ಡೆಕ್ಸಾ ಚಿತ್ರದಿಂದ ಟಿಬಿಎಸ್: ಮೂಳೆಮುರಿತದ ಅಪಾಯ ಅಂದಾಜಿಸುವುದು ಹೇಗೆ?

ಡೆಕ್ಸಾ ಎಂದರೆ ಮೂಳೆಯ ಸಾಂದ್ರತೆ ಅಳೆಯುವ ಎಕ್ಸ್-ರೇ ಸ್ಕ್ಯಾನ್. ಅದರ ಟಿ-ಸ್ಕೋರ್, ಅಂದರೆ ಆರೋಗ್ಯವಂತ ಯುವಜನರ ಮೂಳೆಗೆ ಹೋಲಿಸಿದ ಅಂಕ, ಮೂಳೆಯಲ್ಲಿ ಖನಿಜ ಎಷ್ಟಿದೆ ಎಂದು ಹೇಳುತ್ತದೆ, ಒಳಗಿನ ಜಾಲರಿ ಹೇಗಿದೆ ಎಂದು ಹೇಳುವುದಿಲ್ಲ. ಅದೇ ಸೊಂಟದ ಬೆನ್ನುಮೂಳೆಯ ಚಿತ್ರದಿಂದ ಜಾಲರಿಯ ಸ್ಥಿತಿಯನ್ನು ಅಂದಾಜಿಸುವ ಸೂಚ್ಯಂಕವೇ ಟ್ರಾಬೆಕ್ಯುಲರ್ ಬೋನ್ ಸ್ಕೋರ್, ಅಂದರೆ ಟಿಬಿಎಸ್. ಇದಕ್ಕೆ ಬೇರೆ ಸ್ಕ್ಯಾನ್ ಬೇಡ, ಹೆಚ್ಚಿನ ವಿಕಿರಣವೂ ಇಲ್ಲ.

ಡೆಕ್ಸಾ ಚಿತ್ರದಲ್ಲಿ ಜಾಲರಿಯ ಎಳೆಗಳು ಒಂದೊಂದಾಗಿ ಕಾಣುವುದಿಲ್ಲ. ತಂತ್ರಾಂಶ ನೋಡುವುದು ಪಿಕ್ಸೆಲ್‌ನಿಂದ ಪಿಕ್ಸೆಲ್‌ಗೆ ಬೂದುಛಾಯೆ ಎಷ್ಟು ಬದಲಾಗುತ್ತದೆ ಎಂಬುದನ್ನು. ಜಾಲರಿ ಒತ್ತಾಗಿದ್ದರೆ ಸಣ್ಣ ಸಣ್ಣ ಏರಿಳಿತಗಳು ಬಹಳ ಇರುತ್ತವೆ, ಅಂಕ ಹೆಚ್ಚುತ್ತದೆ. ಎಳೆಗಳು ಕಡಿದು ಹೋಗಿದ್ದರೆ ಏರಿಳಿತಗಳು ಕೆಲವೇ, ಆದರೆ ದೊಡ್ಡವು, ಅಂಕ ಇಳಿಯುತ್ತದೆ.

ಹಾಗಾಗಿ ಚಿತ್ರ ಕೆಟ್ಟರೆ ಅಂಕವೂ ಕೆಟ್ಟಿತು. ಮಲಗಿಸುವ ಮುನ್ನ ಬೆಳ್ಳಿಯ ಉಡಿದಾರ, ಡಾಬು, ಪಿನ್ನು, ಲೋಹದ ಹುಕ್ಕು ತೆಗೆಸಿ. ಉಡಿದಾರ ಕೆಳಗಿನ ಕಶೇರುಗಳ (ಬೆನ್ನುಮೂಳೆಯ ಬಿಡಿ ಎಲುಬುಗಳ) ಮೇಲೆಯೇ ಬೀಳುತ್ತದೆ, ಎಷ್ಟೋ ಜನ ಅದನ್ನು ಒಡವೆ ಎಂದು ಹೇಳುವುದೇ ಇಲ್ಲ. ಆದ್ದರಿಂದ ನೀವೇ ಹೆಸರು ಹಿಡಿದು ಕೇಳಿ. ಬೇರಿಯಂ ಪರೀಕ್ಷೆ (ಎಕ್ಸ್-ರೇಯಲ್ಲಿ ಕರುಳು ಕಾಣಲು ಬೇರಿಯಂ ದ್ರವ ಕೊಡುವುದು) ಆಗಿದ್ದರೆ ಎರಡು ವಾರ ಬಿಟ್ಟು ಬರಲು ಹೇಳಿ. ಕಾಲುಗಳನ್ನು ಫೋಮ್ ದಿಂಬಿನ ಮೇಲೆ ಎತ್ತಿಟ್ಟರೆ ಸೊಂಟದ ಬಾಗು ಚಪ್ಪಟೆಯಾಗುತ್ತದೆ. ಬೆನ್ನುಮೂಳೆ ಚೌಕಟ್ಟಿನ ನಡುವೆ ನೇರವಾಗಿರಲಿ.

ನಂತರ ಸೊಂಟದ ಮೊದಲ ನಾಲ್ಕು ಕಶೇರುಗಳನ್ನು, ಅಂದರೆ ಎಲ್1ರಿಂದ ಎಲ್4ರವರೆಗೆ ಗುರುತಿಸಿ. ಕುಸಿದ ಕಶೇರು ಅಥವಾ ಲೋಹವಿರುವ ಕಶೇರನ್ನು ಬಿಟ್ಟುಬಿಡಿ. ಕನಿಷ್ಠ ಎರಡಾದರೂ ಉಳಿಯಬೇಕು. ಸವೆತದಿಂದ ಬೆಳೆದ ಎಲುಬಿನ ಮುಳ್ಳುಗಳು ಸಾಂದ್ರತೆಯನ್ನು ಸುಳ್ಳೇ ಏರಿಸುತ್ತವೆ, ಟಿಬಿಎಸ್ ಮೇಲೆ ಅವುಗಳ ಪ್ರಭಾವ ಕಡಿಮೆ. ವಯಸ್ಸಾದವರಲ್ಲಿ ಇದು ದೊಡ್ಡ ಅನುಕೂಲ.

ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ, ಮಾತ್ರ ನೋಡಲೇಬೇಕು. 15ರಿಂದ 37ರ ಆಚೆಗೆ ಅಂಕವನ್ನು ನಂಬಬೇಡಿ. ಹೊಟ್ಟೆಯ ಕೊಬ್ಬು ಚಿತ್ರವನ್ನು ಮಬ್ಬುಗೊಳಿಸಿ ಅಂಕವನ್ನು ಕೆಳಗೆ ಎಳೆಯುತ್ತದೆ.

ಋತುಬಂಧ ದಾಟಿದ ಮಹಿಳೆಯರಲ್ಲಿ ಸಾಮಾನ್ಯವಾಗಿ 1.31ಕ್ಕಿಂತ ಹೆಚ್ಚಿದ್ದರೆ ಜಾಲರಿ ಚೆನ್ನಾಗಿದೆ, 1.23ರಿಂದ 1.31 ನಡುವಿನದು, ಅದಕ್ಕೂ ಕೆಳಗಿದ್ದರೆ ಹದಗೆಟ್ಟಿದೆ. ಹಳೆಯ ವರದಿಗಳಲ್ಲಿ 1.35 ಮತ್ತು 1.20ರ ಗೆರೆಗಳಿರುತ್ತವೆ, ವರದಿ ಯಾವುದನ್ನು ಬಳಸಿದೆ ಎಂದು ನೋಡಿಯೇ ಓದಿ. ಆದರೆ ಈ ಅಂಕವೊಂದನ್ನೇ ಹಿಡಿದು ಔಷಧ ಶುರು ಮಾಡುವುದು ತಪ್ಪು. ಮೊದಲು ಮೂಳೆಮುರಿತದ ಅಪಾಯ ಲೆಕ್ಕ ಹಾಕುವ ಆನ್‌ಲೈನ್ ಸಾಧನವಾದ ಫ್ರಾಕ್ಸ್ ಕ್ಯಾಲ್ಕುಲೇಟರಿನಲ್ಲಿ ಭಾರತವನ್ನು ಆರಿಸಿ, ತೊಡೆಮೂಳೆ ಕತ್ತಿನ ಸಾಂದ್ರತೆಯೊಂದಿಗೆ ಹತ್ತು ವರ್ಷದ ಅಪಾಯ ಲೆಕ್ಕ ಹಾಕಿ. ಆಮೇಲೆ ಟಿಬಿಎಸ್ ತುಂಬಿ ಹೊಂದಿಸಿ. ಚಿಕಿತ್ಸೆಯ ಮಾತು ಬರುವುದು ಆ ಹೊಂದಿಸಿದ ಸಂಖ್ಯೆಯ ಮೇಲೆ.

ಇದರ ನಿಜವಾದ ಬೆಲೆ ಗೊತ್ತಾಗುವುದು ಟೈಪ್ 2 ಸಕ್ಕರೆ ಕಾಯಿಲೆಯವರಲ್ಲಿ. ಅವರ ಸಾಂದ್ರತೆ ಎಷ್ಟೋ ಸಲ ಸಹಜವಾಗಿಯೇ ಇರುತ್ತದೆ, ಮೂಳೆ ಮಾತ್ರ ಬೇಗ ಮುರಿಯುತ್ತದೆ. ಟಿ-ಸ್ಕೋರ್ −1.5, ಟಿಬಿಎಸ್ 1.15 ಬಂದರೆ "ಸ್ವಲ್ಪ ಕಡಿಮೆ, ಅಷ್ಟೇ" ಎಂದು ಕಳಿಸಬೇಡಿ. ದೀರ್ಘಕಾಲ ಸ್ಟೀರಾಯ್ಡ್ ತೆಗೆದುಕೊಳ್ಳುವವರ ವಿಷಯದಲ್ಲೂ ಅಷ್ಟೇ ಎಚ್ಚರ ಬೇಕು.

ಮೂಳೆ ಸವೆತ ತಡೆಯುವ ಔಷಧವಾದ ಬಿಸ್ಫಾಸ್ಫೊನೇಟ್ ಕೊಟ್ಟು ಮರುವರ್ಷ ಟಿಬಿಎಸ್ ಏರಿತೇ ಎಂದು ಹುಡುಕುವುದರಿಂದ ಪ್ರಯೋಜನವಿಲ್ಲ; ಬದಲಾವಣೆ ಅಳತೆಯ ದೋಷದೊಳಗೇ ಮುಚ್ಚಿಹೋಗುವಷ್ಟು ಸಣ್ಣದು. ಯಂತ್ರವೋ ಸ್ಕ್ಯಾನ್ ಮೋಡೋ ಬದಲಾಗಿದ್ದರಂತೂ ಹಳೆಯ ಅಂಕದ ಪಕ್ಕ ಹೊಸದನ್ನು ಇಟ್ಟು ನೋಡಲೇಬೇಡಿ.